ಪಟ್ಟಿಯಲ್ಲಿ ಒಂದು ಸಾಲು: ಕಲಿಕಾ ನ್ಯೂನತೆಯ ಮಕ್ಕಳ ಹತ್ತಿರಕ್ಕೆ ಸ್ಕಾಲರ್‌ಶಿಪ್ ಬಂದ ದಾರಿ

ವಿನೋಬನಗರದ ಪೊಲೀಸ್ ಚೌಕಿ ಹತ್ತಿರ ನಾನು ಆಗಾಗ ಹೋಗುವ ಒಂದು ಸೈಬರ್ ಸೆಂಟರ್ ಇದೆ. ಜೆರಾಕ್ಸ್, ಲ್ಯಾಮಿನೇಷನ್, ಪಾನ್ ಕಾರ್ಡ್, ಕರೆಂಟ್ ಬಿಲ್ ಎಲ್ಲ ಅಲ್ಲೇ. ಕಾಲೇಜು ಅಡ್ಮಿಷನ್ ಮುಗಿದರೆ ಸಾಕು, ಸ್ಕಾಲರ್‌ಶಿಪ್ ಅರ್ಜಿ ಹಾಕುವವರು ಬಾಗಿಲಾಚೆ ತನಕ ನಿಂತಿರುತ್ತಾರೆ. ಅಂಥದೇ ಒಂದು ದಿನ ಭದ್ರಾವತಿ ಕಡೆಯ ಹಳ್ಳಿಯೊಂದರ ತಾಯಿ, ಮಗ ಅಲ್ಲಿ ಕೂತಿದ್ದರು. ಹುಡುಗ ಆಗಷ್ಟೇ ಬಿ.ಕಾಂ.ಗೆ ಸೇರಿದ್ದ. ತಾಯಿಯ ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಮಡಿಕೆ ಬಿದ್ದ ಒಂದು ಹಳೇ ಕಾಗದ. ಹುಡುಗ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಯಾರೋ ಮನಶ್ಶಾಸ್ತ್ರಜ್ಞರು ಬರೆದುಕೊಟ್ಟದ್ದು. ಅದರಲ್ಲಿ ‘ಡಿಸ್ಲೆಕ್ಸಿಯಾ’ ಎಂಬ ಪದ ಇತ್ತು.

ಸೈಬರ್ ಹುಡುಗ ಅರ್ಜಿಯಲ್ಲಿ ‘ಅಂಗವೈಕಲ್ಯದ ವಿಧ’ ಎಂಬ ಜಾಗ ಒತ್ತಿದ. ಉದ್ದನೆಯ ಪಟ್ಟಿ ಕೆಳಗಿಳಿಯಿತು. ಅದರಲ್ಲಿ ಒಂದು ಸಾಲು: ನಿರ್ದಿಷ್ಟ ಕಲಿಕಾ ನ್ಯೂನತೆ. ‘ಇದೇ ಅಲ್ವಾ ಅಕ್ಕ?’ ಅಂದ. ತಾಯಿ ಒಪ್ಪಲಿಲ್ಲ. ‘ಕೈಕಾಲು, ಕಣ್ಣು ಕಿವಿ ಎಲ್ಲ ನೆಟ್ಟಗಿದಾವಲ್ಲ. ಡೇರಿ ಲೆಕ್ಕ ಪೂರ್ತಿ ಬಾಯಲ್ಲೇ ಹೇಳ್ತಾನೆ. ಇವನನ್ನ ಅಂಗವಿಕಲ ಅಂತ ಹೆಂಗ್ ಬರ್ಸೋದು?’ ಅಂದರು. ನನ್ನ ಕಡೆ ತಿರುಗಿ, ‘ನೀವ್ ಪೇಪರ್‌ನೋರಲ್ವಾ ಅಣ್ಣ, ನೀವೇ ಹೇಳಿ’ ಎಂದರು.

ನನಗೂ ತಕ್ಷಣಕ್ಕೆ ಹೇಳಲು ಬರಲಿಲ್ಲ. ಆಮೇಲೆ ಓದುತ್ತಾ ಹೋದಾಗ ತಿಳಿದದ್ದು ಇಷ್ಟು. ಈ ತಾಯಿ ಕೇಳಿದ ಪ್ರಶ್ನೆಯನ್ನೇ ನೂರಿಪ್ಪತ್ತು ವರ್ಷ ವೈದ್ಯರು, ತಂದೆತಾಯಿಗಳು, ಸಂಸತ್ತು, ಕೋರ್ಟು ಎಲ್ಲರೂ ಕೇಳಿಕೊಂಡಿದ್ದಾರೆ. ಆ ಪಟ್ಟಿಯಲ್ಲಿ ಆ ಒಂದು ಸಾಲು ಸೇರಲು ಅಷ್ಟು ಕಾಲ ಹಿಡಿಯಿತು. ಈ ಮಕ್ಕಳ ಮಟ್ಟಿಗೆ ಸ್ಕಾಲರ್‌ಶಿಪ್ಪಿನ ಚರಿತ್ರೆ ಎಂದರೆ ದುಡ್ಡಿನ ಚರಿತ್ರೆಗಿಂತ ಹೆಚ್ಚಾಗಿ ಹೆಸರಿನ ಚರಿತ್ರೆ. ದುಡ್ಡು ಬೇರೆಯವರಿಗೆ ಮೊದಲಿಂದಲೂ ಅಲ್ಪಸ್ವಲ್ಪ ಇತ್ತು. ಇವರಿಗೆ ಹೆಸರೇ ಇರಲಿಲ್ಲ.

ಹೆಸರಿನಿಂದಲೇ ಶುರು ಮಾಡೋಣ. 1877ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್ಮಾಲ್ ‘ಪದ ಕುರುಡು’ ಎಂಬ ಮಾತು ಬಳಸಿದ. ಕಣ್ಣು ಕಾಣುತ್ತದೆ, ಮಾತು ಬರುತ್ತದೆ, ಆದರೆ ಬರೆದ ಪದ ಓದಲಾಗದು ಎಂಬ ಸ್ಥಿತಿ ಅದು. ಹತ್ತು ವರ್ಷದ ನಂತರ, 1887ರಲ್ಲಿ, ಅದೇ ದೇಶದ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ‘ಡಿಸ್ಲೆಕ್ಸಿಯಾ’ ಎಂಬ ಪದ ತಂದ. ಇವರಿಬ್ಬರೂ ಹೇಳುತ್ತಿದ್ದದ್ದು ಮಿದುಳಿಗೆ ಪೆಟ್ಟಾದ ದೊಡ್ಡವರ ಬಗ್ಗೆ.

ಮಕ್ಕಳ ಮಾತು ಬಂದದ್ದು 1896ರ ನವೆಂಬರ್‌ನಲ್ಲಿ. ಇಂಗ್ಲೆಂಡಿನ ಕಡಲತೀರದ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದ. ಪರ್ಸಿ ಎಂಬ 14 ವರ್ಷದ ಹುಡುಗ. ಚುರುಕು, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ. ಬೀಜಗಣಿತ ಬರುತ್ತದೆ, ದೊಡ್ಡ ದೊಡ್ಡ ಅಂಕಿ ಸಲೀಸಾಗಿ ಓದುತ್ತಾನೆ. ಆದರೆ ತನ್ನ ಹೆಸರು ಬರೆಯಲು ಕೊಟ್ಟರೆ ಅಕ್ಷರ ಹಿಂದುಮುಂದಾಗುತ್ತದೆ. ಪಾಠವೆಲ್ಲ ಬಾಯಲ್ಲೇ ನಡೆಯುವುದಾದರೆ ಇಡೀ ಶಾಲೆಗೆ ಇವನೇ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರೆಂದು ಮಾರ್ಗನ್ ಬರೆದಿದ್ದಾನೆ. ಇದನ್ನು ಓದುವಾಗ ನನಗೆ ಡೇರಿ ಲೆಕ್ಕ ಬಾಯಲ್ಲೇ ಹೇಳುವ ಹುಡುಗ ನೆನಪಾದ.

ಇನ್ನು ನಮ್ಮ ಕಡೆ. ಅಂಗವಿಕಲ ಮಕ್ಕಳ ಓದಿನ ವಿಷಯದಲ್ಲಿ ಮೈಸೂರು ಸಂಸ್ಥಾನ ಹಿಂದೆ ಬಿದ್ದಿರಲಿಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರ ವಿಕಲಚೇತನ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡಲು ಹೊರಟಾಗಲೂ ಎದುರಿಗಿದ್ದವರು ಇವರೇ: ಕಣ್ಣು ಕಾಣದವರು, ಕಿವಿ ಕೇಳದವರು, ಕೈಕಾಲಿನ ತೊಂದರೆ ಇದ್ದವರು. ನೋಡಿದರೆ ಗೊತ್ತಾಗುವ ಕಷ್ಟಗಳು. ನೋಡಿದರೆ ಗೊತ್ತಾಗದ ಕಷ್ಟಕ್ಕೆ ನಮ್ಮ ಶಾಲೆಗಳಲ್ಲಿ ಇದ್ದದ್ದು ಒಂದೇ ಪದ: ದಡ್ಡ. ಸ್ವಲ್ಪ ಮರ್ಯಾದೆ ಕೊಟ್ಟರೆ, ‘ಓದು ತಲೆಗೆ ಹತ್ತಲ್ಲ’.

ಈ ‘ದಡ್ಡ’ ಎಂಬ ಪದ ಅಷ್ಟು ಕಾಲ ನಡೆದದ್ದಕ್ಕೆ ನನಗೆ ಒಂದು ಕಾರಣ ಕಾಣುತ್ತದೆ. ಓದಲಾಗದವನಿಗೂ ಆಗ ಮಾಡಲು ಕೆಲಸ ಇತ್ತು. ಗದ್ದೆ, ಅಡಿಕೆ ತೋಟ ಇತ್ತು. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ ಇತ್ತು, ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಕೈಕೆಲಸ ಚೆನ್ನಾಗಿ ಬಂದರೆ ಓದಿನ ಗೋಜೇ ಇಲ್ಲದೆ ಒಬ್ಬ ಮನುಷ್ಯ ಮರ್ಯಾದೆಯಿಂದ ಬದುಕುತ್ತಿದ್ದ. ಇವತ್ತು ಭದ್ರಾವತಿಯ ಕಥೆ ಎಲ್ಲರಿಗೂ ಗೊತ್ತು. ಕಾಗದದ ಕಾರ್ಖಾನೆ ನಿಂತೇ ಹೋಗಿದೆ. ಸೆಕ್ಯುರಿಟಿ ಕೆಲಸಕ್ಕೂ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ. ಓದದೆ ದಾರಿಯಿಲ್ಲ ಎಂದಾದ ಮೇಲೆಯೇ ಓದಲಾಗದ ಕಷ್ಟಕ್ಕೆ ಹೆಸರು ಬೇಕಾಯಿತು.

ಬೇರೆ ದೇಶದಲ್ಲೂ ಹೀಗೇ ಆಗಿದೆ, ಸ್ವಲ್ಪ ಬೇಗ. 1963ರ ಏಪ್ರಿಲ್‌ನಲ್ಲಿ ಅಮೆರಿಕದ ಶಿಕಾಗೋದಲ್ಲಿ ಇಂಥ ಮಕ್ಕಳ ತಂದೆತಾಯಿಗಳು ಒಂದು ಸಭೆ ಸೇರಿದರು. ಅಲ್ಲಿ ಸ್ಯಾಮ್ಯುಯೆಲ್ ಕರ್ಕ್ ಎಂಬ ಶಿಕ್ಷಣ ತಜ್ಞ ‘ಕಲಿಕಾ ನ್ಯೂನತೆ’ ಎಂಬ ಮಾತನ್ನು ಮುಂದಿಟ್ಟ. ತಂದೆತಾಯಿಗಳು ಅದನ್ನೇ ಹಿಡಿದುಕೊಂಡು ಸಂಘ ಕಟ್ಟಿದರು. ಹನ್ನೆರಡು ವರ್ಷದ ನಂತರ, 1975ರಲ್ಲಿ, ಆ ದೇಶದ ಅಂಗವಿಕಲ ಮಕ್ಕಳ ಶಿಕ್ಷಣ ಕಾನೂನಿನೊಳಗೆ ಕಲಿಕಾ ನ್ಯೂನತೆ ಸೇರಿತ್ತು. ಹೆಸರಿಲ್ಲದ ಕಷ್ಟಕ್ಕೆ ಯಾವ ಸರ್ಕಾರವೂ ಬಜೆಟ್ಟಿನಲ್ಲಿ ದುಡ್ಡು ಇಡುವುದಿಲ್ಲ ಎಂಬುದು ಆ ತಂದೆತಾಯಿಗಳಿಗೆ ಅರ್ಥವಾಗಿತ್ತು.

ನಮ್ಮ ರಾಜ್ಯದಲ್ಲಿ ತಿಳಿದವರು ಇರಲಿಲ್ಲ ಎಂದಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲೇ ಸ್ಥಾಪನೆಯಾಗಿತ್ತು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಪ್ರತಿಭಾ ಕಾರಂತ ಕನ್ನಡ ಓದುವಾಗ ಆಗುವ ತೊಂದರೆಗಳ ಬಗ್ಗೆ ಕೆಲಸ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಲವಿಕಾ ಕಪೂರ್ ಮತ್ತು ಸಂಗಡಿಗರು ಕಲಿಕಾ ನ್ಯೂನತೆ ಅಳೆಯುವ ಪರೀಕ್ಷೆಗಳ ಒಂದು ಕಟ್ಟನ್ನೇ ಸಿದ್ಧಪಡಿಸಿದರು. ಗಮನ, ಓದು, ಬರಹ, ಕಾಗುಣಿತ, ಲೆಕ್ಕ ಎಲ್ಲವನ್ನೂ ಬಿಡಿಬಿಡಿಯಾಗಿ ನೋಡುವ ಪರೀಕ್ಷೆಗಳು ಅವು. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಇಡೀ ದೇಶಕ್ಕೆ ಸರ್ಕಾರ ಹೇಳಿದ್ದು ಇದೇ ನಿಮ್ಹಾನ್ಸ್ ಪರೀಕ್ಷೆಯನ್ನು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಬಾರದು. ಇಂಗ್ಲಿಷ್ ಓದಲು ತಡವರಿಸುವ ಎಲ್ಲ ಮಕ್ಕಳಿಗೂ ಕಲಿಕಾ ನ್ಯೂನತೆ ಇರುವುದಿಲ್ಲ. ಹಳ್ಳಿ ಶಾಲೆಯಿಂದ ಏಕಾಏಕಿ ಇಂಗ್ಲಿಷ್ ಮೀಡಿಯಂಗೆ ಹೋದ ಮಗು ತಡವರಿಸುವುದು ಸಹಜ. ಕನ್ನಡದ್ದು ಬೇರೆ ಲೆಕ್ಕ. ನಮ್ಮಲ್ಲಿ ಬರೆದಂತೆ ಓದುತ್ತೇವೆ ನಿಜ, ಆದರೆ ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಟ್ಟುಕೊಳ್ಳಬೇಕಾದ ಆಕಾರಗಳು ನೂರಾರು. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಮುಖ್ಯ ವಿಷಯ ಇದೆ. ಕನ್ನಡ ಅಕ್ಷರಗಳೆಲ್ಲ ಕೈವಶವಾಗಲು ಮಕ್ಕಳಿಗೆ ಒಂದೆರಡು ವರ್ಷ ಸಾಲದು, ನಾಲ್ಕನೇ ತರಗತಿಯ ಆಚೆಗೂ ಕಲಿಕೆ ಮುಂದುವರಿಯುತ್ತದೆ. ಅಂದರೆ ಎರಡನೇ ಕ್ಲಾಸಿನ ಮಗು ‘ಕ್ಷ’, ‘ಜ್ಞ’ದಲ್ಲಿ ತಪ್ಪಿದರೆ ಗಾಬರಿಯಾಗಬೇಕಿಲ್ಲ. ಏಳನೇ ಕ್ಲಾಸಿನಲ್ಲೂ ದೀರ್ಘ, ಒತ್ತು ಬಿಟ್ಟು ಬರೆಯುತ್ತಾ, ಒಂದು ಸಾಲು ಓದಲು ಬೆವರುತ್ತಾ ಇದ್ದರೆ, ಮತ್ತೆಲ್ಲದರಲ್ಲೂ ಚುರುಕಾಗಿದ್ದರೆ, ಆಗ ಯಾರಿಗಾದರೂ ತೋರಿಸಬೇಕು.

ಹೀಗೆ ತಜ್ಞರಿಗೆ ಗೊತ್ತಿತ್ತು, ಕಾನೂನಿಗೆ ಗೊತ್ತಿರಲಿಲ್ಲ. 1995ರಲ್ಲಿ ದೇಶದ ಮೊದಲ ಅಂಗವಿಕಲರ ಕಾಯ್ದೆ ಬಂತು. ಅದರಲ್ಲಿ ಏಳು ವಿಧ ಹೇಳಿದ್ದರು: ಅಂಧತ್ವ, ಮಂದದೃಷ್ಟಿ, ಕುಷ್ಠರೋಗದಿಂದ ಗುಣಮುಖರಾದವರು, ಶ್ರವಣದೋಷ, ಚಲನವೈಕಲ್ಯ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ. ಕಲಿಕಾ ನ್ಯೂನತೆ ಅದರಲ್ಲಿಲ್ಲ. ಉನ್ನತ ಶಿಕ್ಷಣದಲ್ಲಿ ಶೇ 3 ಸೀಟು ಕೊಟ್ಟರು, ಅದು ಈ ಏಳು ವಿಧದವರಿಗೆ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ವಿಕಲಚೇತನರು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಎಂದು ಲೆಕ್ಕ ಹಾಕಿತು. ಆ ನಮೂನೆಯಲ್ಲೂ ಕಲಿಕಾ ನ್ಯೂನತೆಗೆ ಪ್ರತ್ಯೇಕ ಕಾಲಂ ಇರಲಿಲ್ಲ.

ಹೆಸರು ಇಲ್ಲದಿದ್ದರೆ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇದೆ. ಬ್ಯಾಂಕುಗಳು ಸಾಲಗಾರರಿಂದ ಬಡ್ಡಿಯ ಮೇಲಿನ ತೆರಿಗೆ ವಸೂಲಿ ಮಾಡುವಾಗ ಚಿಲ್ಲರೆಯನ್ನು ಮೇಲಕ್ಕೆ ದುಂಡು ಮಾಡಿ ಹೆಚ್ಚು ಹಣ ಪಡೆದಿದ್ದವು. ಈ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಅಷ್ಟೊಂದು ಸಾಲಗಾರರಿಗೆ ಪೈಸೆ ಪೈಸೆ ಹಿಂತಿರುಗಿಸುವುದು ಹೇಗೆ? ಆ ಹಣವನ್ನು ಅಂಗವಿಕಲರ ಏಳಿಗೆಗಾಗಿ ಒಂದು ಟ್ರಸ್ಟಿಗೆ ಕೊಡಿ ಎಂದು ಕೋರ್ಟು 2004ರ ಏಪ್ರಿಲ್ 16ರಂದು ಹೇಳಿತು. ದೇಶದ ಮಹಾಲೇಖಪಾಲರೇ ಅದಕ್ಕೆ ಅಧ್ಯಕ್ಷರು. ಮುಂದೆ ಆ ನಿಧಿಯಿಂದ ಕಾಲೇಜು ವಿದ್ಯಾರ್ಥಿಗಳಿಗೆ ವರ್ಷಕ್ಕೆ ಸಾವಿರ ಸ್ಕಾಲರ್‌ಶಿಪ್ ಕೊಡತೊಡಗಿದರು. ಯಾರ್ಯಾರದೋ ಸಾಲದ ಚಿಲ್ಲರೆ ಯಾವುದೋ ಊರಿನ ಹುಡುಗಿಯ ಇಂಜಿನಿಯರಿಂಗ್ ಫೀಸಾಯಿತು. ಕೇಳಲು ಎಷ್ಟು ಚೆಂದ! ಆದರೆ ಅರ್ಹತೆ ಯಾರಿಗೆ ಎಂದು ನೋಡಿದರೆ ಮತ್ತೆ ಅದೇ 1995ರ ಕಾಯ್ದೆಯ ಪಟ್ಟಿ. ಡಿಸ್ಲೆಕ್ಸಿಯಾ ಇದ್ದ ಮಗು ಆ ಬಾಗಿಲ ಮುಂದೆ ನಿಂತು ‘ನಾನೂ’ ಎನ್ನುವಂತಿರಲಿಲ್ಲ.

ಈ ನಡುವೆ ಕೆಲವು ಕಡೆ ಬಾಗಿಲು ಸ್ವಲ್ಪ ಸ್ವಲ್ಪ ತೆರೆಯಿತು. 1991ರಲ್ಲಿ ಚೆನ್ನೈಯಲ್ಲಿ ಡಿಸ್ಲೆಕ್ಸಿಯಾ ಸಂಘ ಶುರುವಾಯಿತು. 1996ರಲ್ಲಿ ಮಹಾರಾಷ್ಟ್ರ ಸರ್ಕಾರ ಇಂಥ ಮಕ್ಕಳಿಗೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚು ಸಮಯ, ರಿಯಾಯಿತಿ ಕೊಟ್ಟಿತು. ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಹೆಚ್ಚುವರಿ ಸಮಯ, ಭಾಷಾ ವಿಷಯದಲ್ಲಿ ವಿನಾಯಿತಿ ಬಂದವು. 2007ರ ಡಿಸೆಂಬರ್‌ನಲ್ಲಿ ‘ತಾರೇ ಜಮೀನ್ ಪರ್’ ಸಿನಿಮಾ ಬಂದ ಮೇಲಂತೂ ಡಿಸ್ಲೆಕ್ಸಿಯಾ ಎಂಬ ಪದ ಟಿವಿ ನೋಡುವ ಎಲ್ಲ ಮನೆಗೂ ತಲುಪಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದವನ್ನು ಅನುಮೋದಿಸಿತ್ತು. ಸಿನಿಮಾ ನೋಡಿ ಅತ್ತವರೇ ಎಲ್ಲರೂ. ಆದರೆ ಸಿನಿಮಾದ ಹುಡುಗನ ಕಥೆ ಶಾಲೆಯಲ್ಲೇ ಮುಗಿಯುತ್ತದೆ. ಅವನು ಪಿಯುಸಿ ಮುಗಿಸಿ ಕಾಲೇಜಿಗೆ ಹೋದನೇ, ಫೀಸು ಯಾರು ಕಟ್ಟಿದರು ಎಂದು ಯಾರೂ ಕೇಳಲಿಲ್ಲ.

ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿದ್ದರಿಂದ ಹಳೇ ಕಾಯ್ದೆ ಬದಲಾಗಲೇಬೇಕಿತ್ತು. ಇಲ್ಲಿ ಕರ್ನಾಟಕದ ಓದುಗರಿಗೆ ಕುತೂಹಲ ಹುಟ್ಟಿಸುವ ಸಂಗತಿ ಎಂದರೆ, ಹೊಸ ಮಸೂದೆಯನ್ನು 2014ರ ಫೆಬ್ರುವರಿ 7ರಂದು ರಾಜ್ಯಸಭೆಯಲ್ಲಿ ಮಂಡಿಸಿದವರು ಆಗ ಸಾಮಾಜಿಕ ನ್ಯಾಯ ಖಾತೆಯನ್ನೂ ನೋಡುತ್ತಿದ್ದ ನಮ್ಮ ಮಲ್ಲಿಕಾರ್ಜುನ ಖರ್ಗೆ. ಆ ಮಸೂದೆಯಲ್ಲಿ ಏಳರ ಜಾಗದಲ್ಲಿ 19 ವಿಧಗಳಿದ್ದವು, ಕಲಿಕಾ ನ್ಯೂನತೆಯೂ ಸೇರಿತ್ತು. ಅಷ್ಟರಲ್ಲಿ ಚುನಾವಣೆ ಬಂತು, ಸರ್ಕಾರ ಬದಲಾಯಿತು. ಕಡೆಗೆ ಅದನ್ನು ತಿದ್ದಿ ಪಾಸು ಮಾಡಿಸಿದವರು ತಾವರಚಂದ್ ಗೆಹ್ಲೋಟ್. 2021ರಲ್ಲಿ ನಮ್ಮ ರಾಜ್ಯಪಾಲರಾಗಿ ಬಂದವರು ಇವರೇ. ಎರಡು ಪಕ್ಷ, ಇಬ್ಬರು ಮಂತ್ರಿಗಳು, ಒಂದೇ ಮಸೂದೆ. ರಾಜಕೀಯದಲ್ಲಿ ಇಂಥದ್ದೂ ಆಗುತ್ತದೆ ಎಂದು ಹೇಳಿಕೊಳ್ಳಲು ಒಂದು ಉದಾಹರಣೆ.

ಪಾಸಾದದ್ದು ಯಾವಾಗ? ನೋಟು ರದ್ದಾಗಿ ನಾವೆಲ್ಲ ಬ್ಯಾಂಕಿನ ಮುಂದೆ ಸಾಲು ನಿಂತಿದ್ದ ಆ 2016ರ ಡಿಸೆಂಬರ್‌ನಲ್ಲಿ. ನೋಟಿನ ಗಲಾಟೆಯಲ್ಲಿ ಸಂಸತ್ತು ಸರಿಯಾಗಿ ನಡೆಯುತ್ತಲೇ ಇರಲಿಲ್ಲ. ಆದರೂ 14ರಂದು ರಾಜ್ಯಸಭೆ, 16ರಂದು ಲೋಕಸಭೆ ಇದನ್ನು ಒಪ್ಪಿದವು. 2017ರ ಏಪ್ರಿಲ್ 19ರಿಂದ ಕಾಯ್ದೆ ಜಾರಿಗೆ ಬಂತು. ಈಗ 21 ವಿಧ. ಸೈಬರ್ ಹುಡುಗ ಒತ್ತಿದಾಗ ಕೆಳಗಿಳಿದ ಪಟ್ಟಿ ಅದೇ.

ಕಾಯ್ದೆ ಹೇಳುವುದನ್ನು ಸರಳವಾಗಿ ಬರೆಯುತ್ತೇನೆ. ಓದುವುದು, ಬರೆಯುವುದು, ಕಾಗುಣಿತ, ಲೆಕ್ಕ, ಮಾತನ್ನು ಅರ್ಥಮಾಡಿಕೊಳ್ಳುವುದು, ಇವುಗಳಲ್ಲಿ ಕಷ್ಟವಾಗುವಂತೆ ಭಾಷೆಯನ್ನು ಗ್ರಹಿಸುವುದರಲ್ಲೇ ಇರುವ ಕೊರತೆಯೇ ನಿರ್ದಿಷ್ಟ ಕಲಿಕಾ ನ್ಯೂನತೆ. ಓದಿನ ಡಿಸ್ಲೆಕ್ಸಿಯಾ, ಬರಹದ ಡಿಸ್‌ಗ್ರಾಫಿಯಾ, ಲೆಕ್ಕದ ಡಿಸ್‌ಕ್ಯಾಲ್ಕುಲಿಯಾ ಎಲ್ಲ ಇದರೊಳಗೆ. ಶಾಲೆಗಳು ಇದನ್ನು ಆದಷ್ಟು ಬೇಗ ಗುರುತಿಸಬೇಕು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ಕ್ಕೆ ಕಡಿಮೆಯಿಲ್ಲದಂತೆ ಸೀಟು, ವಯಸ್ಸಿನಲ್ಲಿ ಐದು ವರ್ಷ ಸಡಿಲಿಕೆ. ತಕ್ಕ ಸಂದರ್ಭಗಳಲ್ಲಿ ವಿದ್ಯಾರ್ಥಿವೇತನ ಕೊಡಬೇಕು ಎಂದು 17ನೇ ಕಲಂ ಸರ್ಕಾರಗಳಿಗೆ ಹೇಳುತ್ತದೆ. ಆದರೆ ಸೀಟಿಗೂ ಸ್ಕಾಲರ್‌ಶಿಪ್ಪಿಗೂ ಒಂದು ಷರತ್ತು: ನ್ಯೂನತೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು.

ಹೆಸರಿನ ಗೋಡೆ ಬಿದ್ದಿತ್ತು. ಎದುರಿಗೆ ಬಂದದ್ದು ಈ ಶೇ 40.

ಕಾಲು ಎಷ್ಟು ಗಿಡ್ಡ, ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯಬಹುದು. ಓದಲಾಗದ ಕಷ್ಟಕ್ಕೆ ಶೇಕಡಾ ಹಾಕುವುದು ಹೇಗೆ? 2018ರ ಜನವರಿ 4ರಂದು ಕೇಂದ್ರ ಸರ್ಕಾರ ಮಾಪನದ ಮಾರ್ಗಸೂಚಿ ಹೊರಡಿಸಿ ನಿಮ್ಹಾನ್ಸ್ ಪರೀಕ್ಷೆಯನ್ನು ಗೊತ್ತುಪಡಿಸಿತು. ಆ ಪರೀಕ್ಷೆ ಕಷ್ಟ ಇದೆಯೋ ಇಲ್ಲವೋ ಹೇಳುತ್ತದೆ. ಶೇಕಡಾ ಕೊಡಲೆಂದು ಮಾಡಿದ್ದಲ್ಲ ಅದು. 2019ರ ವೈದ್ಯಕೀಯ ಪ್ರವೇಶದ ನಿಯಮಗಳಲ್ಲೇ, ಕಲಿಕಾ ನ್ಯೂನತೆಯ ತೀವ್ರತೆ ಅಳೆಯುವ ಮಾಪಕ ಸದ್ಯಕ್ಕಿಲ್ಲ, ಶೇ 40ರ ಗೆರೆಗೆ ಗಟ್ಟಿ ಆಧಾರವಿಲ್ಲ ಎಂಬ ಅರ್ಥದ ಟಿಪ್ಪಣಿ ಇದೆ. ಅಳೆಯಲು ಬರುವುದಿಲ್ಲ ಎಂದು ಒಪ್ಪಿಕೊಂಡೇ ಅಳೆದು ತನ್ನಿ ಎಂದ ಹಾಗಾಯಿತು. 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಮತ್ತೆ ಪರಿಷ್ಕರಣೆಯಾಯಿತು. ಹಳೇ ಪ್ರಮಾಣಪತ್ರದಲ್ಲಿ ಶೇಕಡಾ ನಮೂದಾಗಿಲ್ಲದವರು ಬೋರ್ಡಿನಲ್ಲಿ ಈ ಬಗ್ಗೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಕೋರ್ಟು ಈ ಗೋಡೆಯಲ್ಲಿ ಒಂದು ಕಿಂಡಿ ಮಾಡಿದೆ. ಬರೆಯಲು ಕೂತರೆ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಐಎಎಸ್ ಪರೀಕ್ಷೆಯಲ್ಲಿ ಸ್ಕ್ರೈಬ್, ಅಂದರೆ ಹೇಳಿದ್ದನ್ನು ಬರೆದುಕೊಡುವವರು, ಸಿಗಲಿಲ್ಲ. ಶೇ 40 ಇಲ್ಲ ಎಂಬುದು ಕಾರಣ. 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು, ಸ್ಕ್ರೈಬ್ ಕೊಡಲು ಶೇ 40 ಇರಲೇಬೇಕೆಂದಿಲ್ಲ ಎಂದು ತೀರ್ಪು ಕೊಟ್ಟಿತು. 2022ರ ಆಗಸ್ಟ್‌ನಲ್ಲಿ ಕೇಂದ್ರ ಅದಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತು. ಹಾಗಾಗಿ ಪ್ರಮಾಣಪತ್ರದಲ್ಲಿ 30 ಅಂತ ಬಂತು, ಎಲ್ಲ ಮುಗಿಯಿತು ಎಂದು ಕೈಬಿಡಬೇಡಿ. ಬರೆಯಲು ಕಷ್ಟ ಇದ್ದರೆ ಪರೀಕ್ಷೆಯ ಅನುಕೂಲ ಕೇಳಬಹುದು. ಸ್ಕಾಲರ್‌ಶಿಪ್ಪಿಗೆ ಮಾತ್ರ 40 ಬೇಕೇ ಬೇಕು.

ಈಗ ಸ್ಕಾಲರ್‌ಶಿಪ್ಪಿಗೆ ಬರೋಣ. ಕೇಂದ್ರದ್ದು ಮುಖ್ಯವಾಗಿ ಪೋಸ್ಟ್ ಮೆಟ್ರಿಕ್. ಪಿಯುಸಿಯಿಂದ ಸ್ನಾತಕೋತ್ತರ ತನಕ. ಪೋಷಕರ ಆದಾಯ ವರ್ಷಕ್ಕೆ ಎರಡೂವರೆ ಲಕ್ಷ ಮೀರಬಾರದು. ಇಡೀ ದೇಶಕ್ಕೆ ವರ್ಷಕ್ಕೆ 17,000 ಮಂದಿಗೆ, 21 ವಿಧದವರೂ ಸೇರಿ. ಎಷ್ಟು ಕಡಿಮೆ ಎಂದು ನೀವೇ ನೋಡಿ. 2018ರ ಮಾರ್ಗಸೂಚಿಯ ಪ್ರಕಾರ ಮನೆಯಿಂದ ಓಡಾಡುವ ಬಿ.ಎ., ಬಿ.ಕಾಂ. ವಿದ್ಯಾರ್ಥಿಗೆ ತಿಂಗಳಿಗೆ 650 ರೂಪಾಯಿ, ಹಾಸ್ಟೆಲ್‌ನಲ್ಲಿದ್ದರೆ 950. ಪುಸ್ತಕಕ್ಕೆ ವರ್ಷಕ್ಕೆ 1,500, ಅಂಗವೈಕಲ್ಯ ಭತ್ಯೆ 2,000. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಓಡಾಡುವ ಹುಡುಗನಿಗೆ 650 ಬಸ್ಸಿಗೇ ಸರಿಹೋಗಬಹುದು. ಆದರೆ ಇದರಲ್ಲಿ ಬೋಧನಾ ಶುಲ್ಕವನ್ನೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ ವಾಪಸ್ ಕೊಡುತ್ತಾರೆ. ಬಡ ಮನೆಗೆ ದೊಡ್ಡದು ಅದೇ.

ಡಿಪ್ಲೊಮಾ, ಇಂಜಿನಿಯರಿಂಗ್‌ಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಎಐಸಿಟಿಇಯ ‘ಸಕ್ಷಮ್’. ವರ್ಷಕ್ಕೆ 50,000 ರೂಪಾಯಿ, ಆದಾಯದ ಮಿತಿ 8 ಲಕ್ಷ. ಎಐಸಿಟಿಇ ಮಾನ್ಯತೆಯ ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷಕ್ಕೆ ಸೇರಿದವರು, ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷಕ್ಕೆ ಸೇರಿದವರು ಹಾಕಬಹುದು. ಕೈಕೆಲಸ, ಡ್ರಾಯಿಂಗ್, ಯಂತ್ರದಲ್ಲಿ ಆಸಕ್ತಿ ಇರುವ ಮಗುವಿಗೆ ಪಾಲಿಟೆಕ್ನಿಕ್ ಯಾಕಾಗಬಾರದು ಎಂದು ನನಗೆ ಅನ್ನಿಸುತ್ತದೆ. ಎಲ್ಲರೂ ಬಿ.ಕಾಂ.ಗೇ ಹೋಗಬೇಕೆಂದಿಲ್ಲ. ರಾಜ್ಯದಲ್ಲಿ 1988ರಲ್ಲಿ ವಿಕಲಚೇತನರಿಗೆಂದೇ ಪ್ರತ್ಯೇಕ ನಿರ್ದೇಶನಾಲಯ ಶುರುವಾಯಿತು. ಈಗಿನ ಹೆಸರು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಅದರ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್, ಕೇಂದ್ರದವಕ್ಕೆ ಎನ್‌ಎಸ್‌ಪಿ. ಕೇಂದ್ರದ ಸ್ಕಾಲರ್‌ಶಿಪ್ ಪಡೆಯುತ್ತಾ ಅದೇ ಓದಿಗೆ ಇನ್ನೊಂದನ್ನು ಪಡೆಯುವಂತಿಲ್ಲ. ಯಾವುದು ಹೆಚ್ಚೋ ನೋಡಿ ಆರಿಸಿಕೊಳ್ಳಬೇಕು.

ಇದೆಲ್ಲಕ್ಕೂ ಕೀಲಿಕೈ ಯುಡಿಐಡಿ ಕಾರ್ಡ್. 2021ರ ಜೂನ್ 1ರಿಂದ ಅಂಗವೈಕಲ್ಯ ಪ್ರಮಾಣಪತ್ರ ಆ ಪೋರ್ಟಲ್ ಮೂಲಕವೇ ಆಗಬೇಕು. ಕೈಬರಹದ ಚೀಟಿ ನಡೆಯುವುದಿಲ್ಲ. ಆ ತಾಯಿಯ ಪ್ಲಾಸ್ಟಿಕ್ ಕವರಿನ ಕಾಗದ ನಿಜವಾದದ್ದೇ, ಅದನ್ನು ಬರೆದವರು ಬಲ್ಲವರೇ ಇರಬಹುದು, ಆದರೆ ಅದರ ಮೇಲೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಹಾಗಂತ ಬಿಸಾಡಬೇಡಿ. ಬೋರ್ಡಿನ ಮುಂದೆ ಹೋಗುವಾಗ, ತೊಂದರೆ ಚಿಕ್ಕಂದಿನಿಂದಲೂ ಇದೆ ಎಂದು ತೋರಿಸಲು ಅದು ಬೇಕಾಗುತ್ತದೆ.

ವಯಸ್ಸಿನ ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. 2018ರ ಮಾರ್ಗಸೂಚಿಯಂತೆ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಎಂಟು ವರ್ಷ ತುಂಬಿದ ಮೇಲೆ ಮಾತ್ರ. ಮೂರನೇ ತರಗತಿಯಲ್ಲೇ ಶಾಲೆಯ ಶಿಕ್ಷಕರು ಮೊದಲು ಪರಿಶೀಲಿಸಬೇಕು ಎಂದೂ ಅದರಲ್ಲಿದೆ. ಆಮೇಲೆ 14ಕ್ಕೆ ಒಮ್ಮೆ, 18ಕ್ಕೆ ಒಮ್ಮೆ ಮತ್ತೆ ಪರೀಕ್ಷೆ. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ಕಾಲೇಜಿಗೆ ಸೇರುವ ವಯಸ್ಸೂ 18ರ ಆಸುಪಾಸೇ. ಅಂದರೆ ಅರ್ಜಿಯ ಕೊನೇ ದಿನಾಂಕ ಹತ್ತಿರ ಬಂದಾಗಲೇ ಪ್ರಮಾಣಪತ್ರವೂ ಹೊಸದಾಗಬೇಕು. 2024ರ ಅಕ್ಟೋಬರ್‌ನಲ್ಲಿ ಮಾಡಿದ ತಿದ್ದುಪಡಿಯಲ್ಲಿ ಪ್ರಮಾಣಪತ್ರ ಕೊಡಲು ಇದ್ದ ಒಂದು ತಿಂಗಳ ಗಡುವನ್ನು ಮೂರು ತಿಂಗಳಿಗೆ ಏರಿಸಿದ್ದಾರೆ. ಹಾಗಾಗಿ ಪಿಯುಸಿ ಫಲಿತಾಂಶ ಬಂದ ಮೇಲೆ ಓಡಾಡಿದರೆ ಆ ವರ್ಷ ಕೈತಪ್ಪುವುದೇ ಹೆಚ್ಚು. ಎರಡನೇ ಪಿಯುಸಿ ಓದುತ್ತಿರುವಾಗಲೇ ಯುಡಿಐಡಿ ಕೆಲಸ ಶುರುಮಾಡಬೇಕು.

ಎಲ್ಲಿಗೆ ಹೋಗುವುದು? ದೂರದ ಕಚೇರಿಗೆ ಅಲೆಯುವ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರಾ ಕೇಳಿ. ಅವರೂ ಸಾಮಾನ್ಯವಾಗಿ ವಿಕಲಚೇತನರೇ, ಗೌರವಧನಕ್ಕೆ ದುಡಿಯುವವರು. ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು ಇರುತ್ತಾರೆ. ಅರ್ಜಿ ಹಾಕಿಸಿ, ಬೋರ್ಡು ಎಲ್ಲಿ, ಯಾವಾಗ ಎಂದು ತಿಳಿದು ಹೇಳುತ್ತಾರೆ. ಶಿವಮೊಗ್ಗದವರಿಗೆ ದೊಡ್ಡ ಸರ್ಕಾರಿ ಆಸ್ಪತ್ರೆ ಎಂದರೆ ಮೆಗ್ಗಾನ್. ಹೆಚ್ಚಿನ ಪರೀಕ್ಷೆ ಬೇಕೆಂದು ಬರೆದುಕೊಟ್ಟರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಮೈಸೂರಿಗೆ ನಮ್ಮೂರಿಂದ ನೇರ ರೈಲೇ ಇದೆ.

ಅರ್ಜಿ ಹಾಕಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಎನ್‌ಎಸ್‌ಪಿ ಅರ್ಜಿ ಮೊದಲು ಹೋಗುವುದು ನಿಮ್ಮ ಕಾಲೇಜಿನ ನೋಡಲ್ ಅಧಿಕಾರಿಯ ಲಾಗಿನ್‌ಗೆ. ಅವರು ‘ವೆರಿಫೈ’ ಒತ್ತದಿದ್ದರೆ ಅಲ್ಲೇ ನಿಂತಿತು. ನಾನು ಕಂಡ ಒಂದು ಕಾಲೇಜಿನಲ್ಲಿ ಆ ಜವಾಬ್ದಾರಿ ಯಾರದ್ದು ಎಂದು ಕಾಲೇಜಿನವರಿಗೇ ಗೊತ್ತಿರಲಿಲ್ಲ. ಅರ್ಜಿಯ ಪ್ರಿಂಟ್ ತೆಗೆದು, ಯುಡಿಐಡಿ, ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಫೀಸಿನ ರಸೀದಿ ಲಗತ್ತಿಸಿ ಕೈಯಾರೆ ಕೊಟ್ಟು ಬನ್ನಿ. ವಾರ ಬಿಟ್ಟು ಸ್ಟೇಟಸ್ ನೋಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯಾ ಎಂಬುದನ್ನೂ.

ತಾಯಿಯ ಪ್ರಶ್ನೆಗೆ ಬರುತ್ತೇನೆ. ‘ಇವನನ್ನ ಅಂಗವಿಕಲ ಅಂತ ಹೆಂಗ್ ಬರ್ಸೋದು?’ ಮುಂದಿನ ಸಲ ಅವರು ಸಿಕ್ಕಾಗ ನಾನು ಪರ್ಸಿಯ ಕಥೆ ಹೇಳಿದೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಪರದೇಶದಲ್ಲಿ ಇವನಂಥದೇ ಹುಡುಗ ಇದ್ದ, ಲೆಕ್ಕದಲ್ಲಿ ಹುಲಿ, ಹೆಸರು ಬರೆಯಲು ಬರುತ್ತಿರಲಿಲ್ಲ ಎಂದೆ. ಹುಡುಗ ತಲೆ ಎತ್ತಿ, ‘ಆಮೇಲೆ ಅವನು ಏನಾದ ಅಣ್ಣ?’ ಎಂದ. ಆ ಬರಹದಲ್ಲಿ ಅದು ಇಲ್ಲ ಎಂದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೆಸರು ಏನಾದ್ರೂ ಬರ್ಕೊಳ್ಳಿ, ದಡ್ಡ ಅಂತ ಒಂದು ಬರೀಬೇಡಿ’ ಎಂದರು.

ಅವನ ಸ್ಕಾಲರ್‌ಶಿಪ್ ಅರ್ಜಿ ಆ ವರ್ಷ ಸಲ್ಲಿಕೆಯಾಗಲಿಲ್ಲ. ಮೊದಲು ಯುಡಿಐಡಿಗೆ ಹಾಕಿಸಿದರು. ಹೊರಡುವಾಗ ತಾಯಿ ಬಾಗಿಲ ಹತ್ತಿರ ನಿಂತು ಮತ್ತೆ ತಿರುಗಿದರು. ‘ಇವನ ತಂಗಿ ಏಳನೇ ಕ್ಲಾಸು. ಅವಳೂ ಹಿಂಗೇ ತಡವರಿಸ್ತಾಳೆ. ಅವಳಿಗೂ ಈಗ್ಲೇ ಹಾಕ್ಸಬಹುದಾ ಅಣ್ಣ?’

ಹಾಕಿಸಬಹುದು ಅಕ್ಕ, ಎಂಟು ವರ್ಷ ಆಗಿದ್ದರೆ ಸಾಕು ಎಂದೆ. ಸೈಬರ್ ಹುಡುಗ ಅಷ್ಟರಲ್ಲಿ ಹೊಸ ಫಾರಂ ತೆರೆದು ಅವಳ ಹೆಸರು ಕೇಳುತ್ತಿದ್ದ.